ಇಸ್ತ್ರಿ ಅಕ್ಕ ಮ್ಯಾನೇಜರ್ ಆದದ್ದು

ನಮ್ಮ ಅತ್ತಿಗೆಯ ಬಗ್ಗೆ ಹೊರಗಿನವರು ಒಂದು ಮಾತು ಕೆಟ್ಟದಾಗಿ ಆಡಿದರೂ ನನಗೆ ಮೈಯೆಲ್ಲ ಉರಿಯುತ್ತದೆ. ಆಕೆಯನ್ನು ಬೈಯುವ ಹಕ್ಕು ನನ್ನೊಬ್ಬನದು. ಅದನ್ನು ನಾನು ಇಷ್ಟು ವರ್ಷ ಧಾರಾಳವಾಗಿ ಚಲಾಯಿಸಿಕೊಂಡು ಬಂದಿದ್ದೇನೆ, ಆಕೆಯೂ ಸಹಿಸಿಕೊಂಡು ಬಂದಿದ್ದಾರೆ. ಒಂದೇ ಮನೆಯ ಮೇಲೆ ಕೆಳಗೆ ವಾಸ, ಒಂದೇ ಕಡೆ ಕೆಲಸ. ಹೀಗಿರುವಾಗ ಜಗಳವಾಡದೆ ಇದ್ದರೆ ಇಬ್ಬರಲ್ಲಿ ಒಬ್ಬರಿಗೆ ಏನೋ ಕಾಯಿಲೆ ಇದೆ ಎಂದೇ ಅರ್ಥ.

ನಮ್ಮದು ಬಟ್ಟೆ ತೊಳೆಯುವ ಕಾರ್ಖಾನೆ. ಲಾಂಡ್ರಿ ಎಂದರೆ ಜನ ಬೀದಿ ಮೂಲೆಯ ಒಂದು ಇಸ್ತ್ರಿ ಮೇಜು ನೆನೆಸಿಕೊಳ್ಳುತ್ತಾರೆ, ಅದಕ್ಕೇ ಕಾರ್ಖಾನೆ ಎನ್ನುತ್ತೇನೆ. ಒಂದು ದೊಡ್ಡ ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೊದಿಕೆ, ರೋಗಿಗಳ ಅಂಗಿ, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ಎಲ್ಲವೂ ದಿನಾ ನಮ್ಮಲ್ಲಿಗೆ ಬಂದು ತೊಳೆದು, ಒಣಗಿ, ಇಸ್ತ್ರಿಯಾಗಿ ವಾಪಸ್ಸು ಹೋಗಬೇಕು. ತೊಳೆಯುವ ಯಂತ್ರಗಳು ಆರು. ಆಮೇಲೆ ಒಂದು ಉದ್ದನೆಯ ಬಿಸಿ ರೋಲರು. ಅದರ ಒಂದು ಬದಿಯಲ್ಲಿ ಒದ್ದೆ ಹಾಸಿಗೆ ಬಟ್ಟೆ ಕೊಟ್ಟರೆ ಇನ್ನೊಂದು ಬದಿಯಲ್ಲಿ ಗರಿಗರಿಯಾಗಿ ಹೊರಗೆ ಬರುತ್ತದೆ. ಒಟ್ಟು ಇಪ್ಪತ್ತಾರು ಜನ. ನಾನು ವ್ಯಾನ್ ಓಡಿಸುವವನು.

ಅತ್ತಿಗೆ ಇಲ್ಲಿಗೆ ಸೇರಿದಾಗ ಆಕೆಗೆ ಹತ್ತೊಂಬತ್ತು. ಕೈ ಇಸ್ತ್ರಿಯಿಂದ ಶುರು. ಮೂರು ವರ್ಷಕ್ಕೆ ರೋಲರಿಗೆ ಬಂದರು, ಮತ್ತೆ ಆರು ವರ್ಷಕ್ಕೆ ಮೇಲ್ವಿಚಾರಕಿ. ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ, ಎಲ್ಲರಿಗೂ ಇಸ್ತ್ರಿ ಅಕ್ಕ. ಆಕೆ ಮಡಿಚಿದ ಹೊದಿಕೆಯ ನಾಲ್ಕು ಮೂಲೆಗಳು ಒಂದರ ಮೇಲೊಂದು ಕೂತರೆ ನಡುವೆ ಕೂದಲೂ ತೂರುವುದಿಲ್ಲ. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ. ನಮ್ಮ ಅಣ್ಣನ ಗೋಳೇ ಇದು. ಅವನು ಬಡಗಿ, ಮನೆಯ ಹಿಂದಿನ ಶೆಡ್ಡಿನಲ್ಲಿ ಬಾಗಿಲು ಕಿಟಕಿ ಮಾಡುತ್ತಾನೆ. ಕೆಲಸ ಮುಗಿಸಿ ಬಂದು ಕೂತರೆ ಅವನು ಓದಬೇಕೆಂದಿದ್ದ ಪೇಪರು ಎಂಟು ಮಡಿಕೆಯಾಗಿ ಕಪಾಟು ಸೇರಿರುತ್ತದೆ. ಕೈ ಒರೆಸುವ ಬಟ್ಟೆ ಹುಡುಕಿದರೆ ಅದೂ ಅಷ್ಟೇ. ಒಂದು ದಿನ ನಿದ್ದೆ ಮಾಡುತ್ತಿರುವ ನನ್ನನ್ನೂ ಮಡಿಚಿ ಇಡುತ್ತಾಳೆ ಎಂದು ಅವನು ಮಗಳ ಹತ್ತಿರ ಹೇಳಿಕೊಂಡು ನಗುತ್ತಿರುತ್ತಾನೆ.

ಹೋದ ವರ್ಷ ಹಳೆಯ ಮ್ಯಾನೇಜರು ನಿವೃತ್ತರಾದರು. ಆ ಜಾಗಕ್ಕೆ ಹೊರಗಿನಿಂದ ಕಲಿತವರು ಯಾರೋ ಬರುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ದೊಡ್ಡ ಯಜಮಾನರು ಕೈಲಾಗದೆ ಮನೆ ಸೇರಿದ ಮೇಲೆ ಅವರ ಮಗಳು ವ್ಯವಹಾರ ನೋಡಿಕೊಳ್ಳುತ್ತಿದ್ದರು. ನಾವು ಅವರನ್ನು ಸಣ್ಣ ಯಜಮಾನಿ ಎನ್ನುತ್ತೇವೆ. ಅವರು ಅತ್ತಿಗೆಯನ್ನು ಕರೆದು, ಮೂರು ತಿಂಗಳು ನೀವೇ ನೋಡಿಕೊಳ್ಳಿ, ಸರಿಹೋದರೆ ಕಾಯಂ, ಇಲ್ಲದಿದ್ದರೆ ಹೊರಗಿನವರನ್ನು ತರುತ್ತೇನೆ ಎಂದರು. ನೇರ ಮಾತು. ಅತ್ತಿಗೆ ಮನೆಗೆ ಬಂದು ಇದನ್ನು ಹೇಳುತ್ತ ಒಂದೇ ಟವೆಲನ್ನು ನಾಲ್ಕು ಸಲ ಬಿಚ್ಚಿ ಮಡಿಚಿದರು. ಖುಷಿಗೋ ಭಯಕ್ಕೋ ಎಂದು ಕೇಳಿದೆ. ಎರಡೂ ಇದೆ, ಸುಮ್ಮನಿರು ಎಂದರು.

ಅದೇ ತಿಂಗಳು ಆಸ್ಪತ್ರೆಯವರು ಹೊಸ ಪದ್ಧತಿ ತಂದರು. ತೊಳೆದ ಬಟ್ಟೆ ದಿನಾ ಮಧ್ಯಾಹ್ನ ಎರಡಕ್ಕೆ ಅಲ್ಲಿಗೆ ಮುಟ್ಟಬೇಕು. ಮೊದಲು ಅವರ ಹಿಂದಿನ ಗೇಟಿನಲ್ಲಿ ಒಬ್ಬ ಮುದುಕ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ನಾನು ಹತ್ತು ನಿಮಿಷ ಆಚೀಚೆ ಹೋದರೂ ಎರಡು ಗಂಟೆ ಎಂದೇ ಬರೆಯುತ್ತಿದ್ದ, ದೇವರಂಥ ಮನುಷ್ಯ. ಈಗ ಅಲ್ಲಿ ಕಂಪ್ಯೂಟರು. ವ್ಯಾನು ಗೇಟು ದಾಟಿದ ಹೊತ್ತನ್ನು ಅದೇ ಹಿಡಿದಿಡುತ್ತದೆ. ಎರಡು ಗಂಟೆಯ ಮೇಲೆ ಒಂದು ನಿಮಿಷವಾದರೂ ತಡ ಎಂದು ಲೆಕ್ಕ. ಮೂರು ತಿಂಗಳಲ್ಲಿ ಮೂರು ಸಲ ತಡವಾದರೆ ಬಟ್ಟೆ ಬೇರೆ ಲಾಂಡ್ರಿಗೆ ಹೋಗುತ್ತದೆ. ಆಸ್ಪತ್ರೆ ಕೈಬಿಟ್ಟರೆ ನಮ್ಮಲ್ಲಿ ಅರ್ಧ ಯಂತ್ರಗಳು ನಿಂತಂತೆ, ಅರ್ಧ ಜನ ಮನೆಗೆ ಹೋದಂತೆ. ಮ್ಯಾನೇಜರ್ ಕುರ್ಚಿಯ ಮಾತಂತೂ ಬಿಡಿ.

ಆಗ ಅತ್ತಿಗೆ ಏನು ಮಾಡಿದರು ಗೊತ್ತೇ? ಒಂದು ಡೈರಿ ಕೊಂಡರು. ಸಣ್ಣ ಯಜಮಾನಿ ಆಕೆಯನ್ನು ಒಂದು ದಿನದ ತರಬೇತಿಗೆ ಕಳಿಸಿದ್ದರು, ಸಮಯವನ್ನು ಹೇಗೆ ನಿಭಾಯಿಸಬೇಕು ಎಂಬುದರ ಮೇಲೆ. ಅಲ್ಲಿ ಹೇಳಿಕೊಟ್ಟರಂತೆ, ದಿನವನ್ನು ಅರ್ಧರ್ಧ ಗಂಟೆಯ ಚೌಕಗಳಾಗಿ ಮಾಡಬೇಕು, ಪ್ರತಿ ಚೌಕದಲ್ಲೂ ಏನು ಮಾಡಬೇಕೆಂದು ಬರೆಯಬೇಕು. ಅತ್ತಿಗೆ ಊಟದ ಮೇಜಿನ ಮೇಲೆ ಮಗಳ ಸ್ಕೇಲು ಇಟ್ಟುಕೊಂಡು ಮೂರು ತಿಂಗಳ ಚೌಕಗಳನ್ನೂ ಒಂದೇ ಸಂಜೆ ಗೆರೆ ಎಳೆದು ಮುಗಿಸಿದರು. ಗೆರೆಗಳು ಬಹಳ ಚೆನ್ನಾಗಿದ್ದವು. ಒಳಗೆ ತುಂಬಿಸುವುದಕ್ಕೆ ಮಾತ್ರ ಆಕೆಗೆ ಪುರುಸೊತ್ತು ಸಿಗಲಿಲ್ಲ.

ಯಾಕೆ ಸಿಗಲಿಲ್ಲ ಎಂದರೆ, ಆಕೆ ಗಾಜಿನ ಕೋಣೆಯಲ್ಲಿ ಕೂರುತ್ತಲೇ ಇರಲಿಲ್ಲ. ಮ್ಯಾನೇಜರ್ ಕೋಣೆಗೆ ಮೂರು ಕಡೆ ಗಾಜು, ಹಾಲ್ ಪೂರ್ತಿ ಕಾಣುತ್ತದೆ. ಅದೇ ಎಡವಟ್ಟಾಯಿತು. ರೋಲರಿನ ಹತ್ತಿರ ಯಾರಾದರೂ ಬಟ್ಟೆ ಸ್ವಲ್ಪ ಸೊಟ್ಟ ಕೊಟ್ಟರೆ ಸಾಕು, ಆಕೆಯ ಕಣ್ಣಿಗೆ ಮುಳ್ಳು ಚುಚ್ಚಿದ ಹಾಗೆ. ಎದ್ದು ಹೋಗಿ, ಸರಿ ಸ್ವಲ್ಪ, ಎಂದು ಅವರನ್ನು ಪಕ್ಕಕ್ಕೆ ಸರಿಸಿ ತಾವೇ ನಿಲ್ಲುತ್ತಿದ್ದರು. ಐದು ನಿಮಿಷ ಎಂದು ಹೋದವರು ಒಂದು ಗಂಟೆ. ಅಷ್ಟು ಹೊತ್ತು ರೋಲರಿನವಳು ಕೈಕಟ್ಟಿಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದಳು.

ಮೊದಲನೆಯ ಸಲ ತಡವಾದದ್ದು ಹಬೆ ಕಡಿಮೆಯಾಗಿ. ತೊಳೆಯುವ ಯಂತ್ರಗಳನ್ನೂ ಬಾಯ್ಲರನ್ನೂ ನೋಡಿಕೊಳ್ಳುವವನನ್ನು ನಾವು ಬಕೆಟ್ಟು ಎಂದು ಕರೆಯುತ್ತೇವೆ. ಅವನ ಆಕಾರವೂ ಹಾಗೇ, ಕೂಗಿದರೆ ದನಿಯೂ ಹಾಗೇ ಖಣಖಣ. ಹಬೆ ಇಳಿಯುತ್ತಿರುವುದನ್ನು ಕಂಡು ಮೆಕ್ಯಾನಿಕ್‌ನನ್ನು ಕರೆಸಲು ಅನುಮತಿ ಕೇಳೋಣವೆಂದು ಅವನು ಗಾಜಿನ ಕೋಣೆಗೆ ಬಂದಿದ್ದಾನೆ. ಅಲ್ಲಿ ಯಾರೂ ಇಲ್ಲ. ಈಗ ಬರುತ್ತಾರೆ, ಆಗ ಬರುತ್ತಾರೆ ಎಂದು ಕಾದಿದ್ದಾನೆ. ಇಪ್ಪತ್ತೈದು ಹೆಜ್ಜೆ ದೂರದಲ್ಲಿ ಅತ್ತಿಗೆ ರೋಲರಿನ ಸದ್ದಿನಲ್ಲಿ ಮುಳುಗಿದ್ದರು.

ಎರಡನೆಯ ಸಲ, ಕಟ್ಟು ಕಟ್ಟುವ ಹೆಂಗಸು ಅಂಗಿಗಳನ್ನು ಎಣಿಸಿ ಗಂಟು ಕಟ್ಟಿ ಇಟ್ಟಿದ್ದರು. ನಲವತ್ತು ದಾಟಿದ ಮೌನಿ ಹೆಂಗಸು ಅವರು, ಹದಿನೈದು ವರ್ಷದಲ್ಲಿ ಒಂದು ತುಂಡೂ ತಪ್ಪಿಲ್ಲ. ಆದರೂ ಅತ್ತಿಗೆಗೆ ಸಮಾಧಾನವಿಲ್ಲ. ಎಲ್ಲವನ್ನೂ ಬಿಚ್ಚಿಸಿ ಮತ್ತೆ ತಾವೇ ಎಣಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ನಾನು ಗೇಟು ಮುಟ್ಟಿದಾಗ ಎರಡು ಗಂಟೆ ಆರು ನಿಮಿಷ.

ಆ ದಿನ ವ್ಯಾನಿನಲ್ಲಿ ಮನೆಗೆ ಬರುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ಇರುವುದಾದರೂ ಎಂದು?

"ಅತ್ತಿಗೆ, ನೀವು ಹಳೇ ಕೆಲ್ಸನೂ ಬಿಟ್ಟಿಲ್ಲ, ಹೊಸ ಕೆಲ್ಸನೂ ಹಿಡ್ದಿಲ್ಲ. ಎರಡು ಸಲ ತಡ ಆಗಿದ್ದೂ ನಿಮ್ಮಿಂದಾನೇ."

ಆಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಿಟಕಿಯ ಆಚೆ ನೋಡಿಕೊಂಡು, ನೀನು ರಸ್ತೆ ನೋಡು ಎಂದರು. ಆಮೇಲೆ ನಾಲ್ಕು ದಿನ ನನ್ನ ಹತ್ತಿರ ಮಾತಿಲ್ಲ. ಬೆಳಿಗ್ಗೆ ವ್ಯಾನಿನಲ್ಲಿ ಬರುತ್ತಿದ್ದರು, ಸಂಜೆ ವ್ಯಾನಿನಲ್ಲಿ ಹೋಗುತ್ತಿದ್ದರು, ನಡುವೆ ನಾನೊಬ್ಬ ಗಾಳಿ. ಅಣ್ಣ ಶೆಡ್ಡಿನಿಂದ ಬಗ್ಗಿ ನೋಡಿ, ಏನೋ ಹೇಳಿಬಿಟ್ಟಿದ್ದೀಯ ಎಂದು ಕಾಣುತ್ತದೆ ಎಂದ. ನಿಜ ಹೇಳಿದೆ ಎಂದೆ. ಅದಕ್ಕೇ ಇಷ್ಟು ಕೋಪ ಎಂದು ಅವನು ಮತ್ತೆ ಮರ ಕೆತ್ತುವುದಕ್ಕೆ ಹೋದ.

ಐದನೆಯ ದಿನ ಅತ್ತಿಗೆ ತಾವೇ ಮಾತು ತೆಗೆದರು. ಕಾರಣ ಸಿಕ್ಕಿದೆಯಂತೆ. ತಡಕ್ಕೆಲ್ಲ ಮೂಲ ನಮ್ಮ ಹಾಲಿನ ಗೋಡೆಯ ಗಡಿಯಾರವಂತೆ.

ಆ ಗಡಿಯಾರದ ಸಂಗತಿ ಹೇಳಬೇಕು. ದೊಡ್ಡ ಯಜಮಾನರು ಯಾವುದೋ ಕಾಲದಲ್ಲಿ, ಜನ ಬೇಗ ಬೇಗ ಕೆಲಸ ಮಾಡಲಿ ಎಂದು, ಅದನ್ನು ಇಪ್ಪತ್ತು ನಿಮಿಷ ಮುಂದೆ ಇಟ್ಟಿದ್ದರು. ಮೊದಲ ಒಂದು ವಾರ ಜನ ಮೋಸಹೋಗಿರಬಹುದು. ಆಮೇಲೆ ಎಲ್ಲರಿಗೂ ಗೊತ್ತಾಗಿ ಹೋಯಿತು. ಹೊಸಬರು ಸೇರಿದ ಮೊದಲ ದಿನವೇ ಯಾರಾದರೂ ಕಿವಿಯಲ್ಲಿ, ಇಪ್ಪತ್ತು ಕಳೆಯಿರಿ, ಎಂದು ಹೇಳಿಬಿಡುತ್ತಿದ್ದರು. ನಮ್ಮಲ್ಲಿ ಒಳಗಿನ ಟೈಮು, ಹೊರಗಿನ ಟೈಮು ಎಂದು ಎರಡು. ಫೋನುಗಳನ್ನು ಬಾಗಿಲಲ್ಲೇ ಪೆಟ್ಟಿಗೆಯಲ್ಲಿ ಇಟ್ಟು ಒಳಗೆ ಹೋಗಬೇಕು, ಯಾಕೆಂದರೆ ಎರಡು ಫೋನು ರೋಗಿಗಳ ಅಂಗಿಗಳ ಜೊತೆ ಯಂತ್ರಕ್ಕೆ ಹೋಗಿ ಶುಭ್ರವಾಗಿ ಹೊರಬಂದಿದ್ದವು. ಹಾಗಾಗಿ ಎಲ್ಲರಿಗೂ ಆ ಗಡಿಯಾರವೇ ಗತಿ. ಅದು ಒಂದೂಮುಕ್ಕಾಲು ತೋರಿಸಿತೆಂದರೆ ಹೊರಗೆ ಒಂದು ಇಪ್ಪತ್ತೈದು, ವ್ಯಾನು ಹೊರಡುವ ಹೊತ್ತು. ಇಪ್ಪತ್ತೈದು ನಿಮಿಷದ ದಾರಿ, ಒಂದು ಐವತ್ತಕ್ಕೆ ಗೇಟು. ಯಾರೂ ಇದನ್ನು ಕೂತು ಲೆಕ್ಕ ಹಾಕುತ್ತಿರಲಿಲ್ಲ. ಮುಳ್ಳು ಎಲ್ಲಿ ಬಂದರೆ ಏನು ಮಾಡಬೇಕೆಂದು ಮೈಗೆ ಗೊತ್ತಿತ್ತು.

ಸುಳ್ಳು ಹೇಳುವ ಗಡಿಯಾರದಿಂದ ಎಲ್ಲರಿಗೂ ಇನ್ನೂ ಟೈಮಿದೆ ಎಂಬ ಸಡಿಲ ಬಂದಿದೆ, ಇದನ್ನು ಸರಿಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಅತ್ತಿಗೆಯ ವಾದ. ನನ್ನ ಮಾತನ್ನು ಒಪ್ಪುವುದಕ್ಕಿಂತ ಗಡಿಯಾರವನ್ನು ದೂರುವುದು ಸುಲಭವಾಗಿತ್ತು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ನಾಲ್ಕು ದಿನದ ಮೌನ ನನಗೂ ಸಾಕಾಗಿತ್ತು. ರಜೆಯ ದಿನ ಇಬ್ಬರೂ ಹೋದೆವು. ನಾನು ಏಣಿ ಹಿಡಿದೆ, ಆಕೆ ಹತ್ತಿ ಮುಳ್ಳನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ತಿರುಗಿಸಿದರು. ಗಾಜಿನ ಮೇಲಿನ ಧೂಳನ್ನೂ ಒರೆಸಿದರು. ಇಳಿದು ಬಂದು ಮೇಲೆ ನೋಡಿ, ಇನ್ನು ನೋಡು ಎಂದು ನಕ್ಕರು.

ಸೋಮವಾರ ಎಲ್ಲರನ್ನೂ ಸೇರಿಸಿ ವಿಷಯ ತಿಳಿಸಿದರು. ಎಲ್ಲರೂ ತಲೆಯಾಡಿಸಿದರು. ಸೋಮವಾರ, ಮಂಗಳವಾರ, ಬುಧವಾರ ಎಲ್ಲರೂ ಮೈಯೆಲ್ಲ ಕಣ್ಣಾಗಿ ಗಡಿಯಾರ ನೋಡಿ ಕೆಲಸ ಮಾಡಿದೆವು. ಬುಧವಾರ ನಾನು ಒಂದೂಮುಕ್ಕಾಲಿಗೇ ಗೇಟಿನಲ್ಲಿದ್ದೆ. ಅತ್ತಿಗೆ ಡೈರಿಯ ಒಂದು ಚೌಕದಲ್ಲಿ ಏನೋ ಬರೆದದ್ದೂ ಕಾಣಿಸಿತು. ನನಗೂ, ಇರಲಿ, ನಾನೇ ದುಡುಕಿದೆನೇನೋ ಅನ್ನಿಸಿತು.

ಗುರುವಾರ ಎಲ್ಲರಿಗೂ ಸ್ವಲ್ಪ ನಿರಾಳ. ಆ ನಿರಾಳವೇ ನಮಗೆ ಮುಳುವಾಯಿತು. ನಾನು ವ್ಯಾನನ್ನು ಹಿಂದಕ್ಕೆ ತಂದು ನಿಲ್ಲಿಸಿ, ಬಾಗಿಲ ಸಂದಿಯಿಂದ ಗಡಿಯಾರ ನೋಡಿದೆ. ಒಂದೂಕಾಲು. ಇನ್ನೂ ಐದು ಕಡಿಮೆ ಒಂದು, ಬೇಕಾದಷ್ಟು ಹೊತ್ತಿದೆ ಎಂದುಕೊಂಡು ಆಚೆ ರಸ್ತೆಗೆ ಹೋಗಿ ಚಹಾ ಕುಡಿದೆ. ಕಿಸೆಯಲ್ಲೇ ಫೋನಿತ್ತು, ನೋಡಲಿಲ್ಲ. ಒಳಗೆ ರೋಲರಿನವಳು, ಕಟ್ಟು ಕಟ್ಟುವ ಹೆಂಗಸು, ಬಕೆಟ್ಟು ಎಲ್ಲರೂ ಹಳೆಯ ಮುಳ್ಳಿನ ಲೆಕ್ಕದಲ್ಲೇ ನಿಧಾನವಾಗಿ ಸಾಗಿದ್ದರು. ಎಲ್ಲಕ್ಕಿಂತ ಚೆನ್ನಾಗಿರುವುದು ಕೇಳಿ. ಏಣಿ ಹತ್ತಿ ಮುಳ್ಳು ತಿರುಗಿಸಿದ ಅತ್ತಿಗೆಯೇ ಗಾಜಿನ ಕೋಣೆಯಿಂದ ಗಡಿಯಾರ ನೋಡಿ, ಇಪ್ಪತ್ತು ಕಳೆದು, ಇನ್ನೂ ಟೈಮಿದೆ ಎಂದು ರೋಲರಿನ ಹತ್ತಿರ ಹೋಗಿದ್ದರು. ಇಪ್ಪತ್ತೆರಡು ವರ್ಷ ಕಳೆದು ಕಳೆದು ರೂಢಿಯಾದ ತಲೆ.

ಗಡಿಯಾರ ಒಂದೂಮುಕ್ಕಾಲು ಮುಟ್ಟಿದಾಗ ಎಲ್ಲರೂ ಸರಿಯಾದ ಹೊತ್ತಿಗೆ ಮುಗಿಸಿದೆವೆಂದು ಖುಷಿಯಾಗಿ ಗಂಟುಗಳನ್ನು ವ್ಯಾನಿಗೆ ಹಾಕಿದರು. ನಾನು ಹತ್ತಿ ಕೂತು ಫೋನನ್ನು ಮುಂದೆ ಸಿಕ್ಕಿಸಿದೆ. ಅದರಲ್ಲಿ ಒಂದು ನಲವತ್ತೇಳು. ತಿರುಗಿ ಅತ್ತಿಗೆಯ ಮುಖ ನೋಡಿದೆ. ಆಕೆ ನನ್ನ ಮುಖ ನೋಡಿದರು, ಗಡಿಯಾರ ನೋಡಿದರು, ಬಂದು ಪಕ್ಕದ ಸೀಟಿನಲ್ಲಿ ಕೂತರು.

ನಾನು ವ್ಯಾನು ಓಡಿಸಿದ ರೀತಿಯನ್ನು ಪೊಲೀಸರು ನೋಡಲಿಲ್ಲ, ಪುಣ್ಯ. ಆದರೂ ಗೇಟಿನಲ್ಲಿ ಎರಡು ಗಂಟೆ ಎಂಟು ನಿಮಿಷ. ಮೂರನೆಯದು ಆಗಿಹೋಯಿತು.

ಆಸ್ಪತ್ರೆಯ ಬಟ್ಟೆ ವಿಭಾಗ ನೋಡಿಕೊಳ್ಳುವವರು ಒಬ್ಬ ಹಿರಿಯ ನರ್ಸು, ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಾರೆ. ಅವರು ಒಂದು ಹಾಳೆ ತಂದರು. ತಡಕ್ಕೆ ಕಾರಣ, ಹೊಣೆ ಯಾರದು, ಎರಡು ಸಾಲು ಬರೆಯಬೇಕು. ನಾನು ಅತ್ತಿಗೆಯನ್ನು ಪಕ್ಕಕ್ಕೆ ಕರೆದು, ಟೈರು ಪಂಚರ್ ಆಯಿತು ಎಂದು ಬರೆಯಿರಿ, ಬೇಕಾದರೆ ಈಗಲೇ ಹೋಗಿ ಗಾಳಿ ಬಿಡುತ್ತೇನೆ, ಹೊಣೆ ಡ್ರೈವರಿನದು ಎಂದು ಹಾಕಿ ಎಂದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮನಸ್ಸಿಟ್ಟೇ ಹೇಳಿದ್ದೆ. ಆಕೆಯ ಕುರ್ಚಿ ಉಳಿದರೆ ನನ್ನ ಮೇಲೆ ಒಂದು ಬೈಗುಳ ಬಿದ್ದರೆ ಏನೀಗ?

ಅತ್ತಿಗೆ ಪೆನ್ನು ಕೇಳಿ ಬರೆಯಲು ಕೂತರು. ಆಕೆಯ ಅಕ್ಷರ ದುಂಡಗೆ, ನಿಧಾನ. ಗಡಿಯಾರದ ಕಥೆಯನ್ನು ಪೂರ್ತಿ ಬರೆದರು. ಹಿಂದಿನ ಎರಡು ಸಲದ ಕಾರಣವನ್ನೂ ಕೆಳಗೆ ಸೇರಿಸಿದರು, ಬಕೆಟ್ಟು ಕಾದದ್ದು, ಗಂಟು ಬಿಚ್ಚಿಸಿ ಎಣಿಸಿದ್ದು. ಹೊಣೆಯ ಸಾಲಿನಲ್ಲಿ ಮ್ಯಾನೇಜರ್ ಎಂದು ಬರೆದು ಸಹಿ ಹಾಕಿದರು. ವ್ಯಾನಿನಲ್ಲಿ ನಾನು ಆಡಿದ ಮಾತನ್ನೇ ಆಕೆ ಸಹಿ ಹಾಕಿ ಒಪ್ಪಿಕೊಂಡಿದ್ದರು. ನನಗೆ ಗೆದ್ದ ಖುಷಿ ಎಳ್ಳಷ್ಟೂ ಆಗಲಿಲ್ಲ.

ದೊಡ್ಡ ಸಿಸ್ಟರ್ ಹಾಳೆ ಓದಿದರು. ಇಪ್ಪತ್ತು ಕಳೆಯುವ ಭಾಗ ಬಂದಾಗ ಅವರ ತುಟಿ ಸ್ವಲ್ಪ ಅಲುಗಿತು. ಕಂಪ್ಯೂಟರಿನಲ್ಲಿ ಬಿದ್ದದ್ದನ್ನು ಅಳಿಸುವುದು ನನ್ನ ಕೈಯಲ್ಲಿಲ್ಲ, ಆಡಳಿತಾಧಿಕಾರಿಗೆ ಕಳಿಸುತ್ತೇನೆ ಎಂದರು. ಅತ್ತಿಗೆ ಎದ್ದು ಹೋಗುವ ಬದಲು ಅಲ್ಲೇ ನಿಂತು ಒಂದು ಪ್ರಶ್ನೆ ಕೇಳಿದರು.

"ಸಿಸ್ಟರ್, ನಿಮಗೆ ಎರಡು ಗಂಟೆಗೆ ಎಲ್ಲಾ ಬಟ್ಟೆನೂ ಬೇಕಾ?"

ಸಿಸ್ಟರ್ ಕನ್ನಡಕ ತೆಗೆದು ಆಕೆಯನ್ನು ನೋಡಿದರು. ಎರಡು ಗಂಟೆಗೆ ಬೇಕಾದದ್ದು ಥಿಯೇಟರಿನ ಹಸಿರು ಬಟ್ಟೆ ಮಾತ್ರ ಎಂದರು. ಅದು ಬಂದ ಮೇಲೆ ಯಂತ್ರದಲ್ಲಿ ಹಾಕಿ ಕ್ರಿಮಿ ಸಾಯಿಸಿ ನಾಲ್ಕು ಗಂಟೆಯ ಆಪರೇಷನ್ನಿಗೆ ತಯಾರಿಡಬೇಕು, ತಡವಾದರೆ ರೋಗಿ ಮೇಜಿನ ಪಕ್ಕ ಕಾಯಬೇಕಾಗುತ್ತದೆ. ಹಾಸಿಗೆ ಬಟ್ಟೆಯಲ್ಲಿ ಸ್ವಲ್ಪ ಭಾಗ ಮಧ್ಯಾಹ್ನಕ್ಕೆ ಬೇಕು, ಉಳಿದದ್ದು ಸಂಜೆಯ ಒಳಗೆ ಬಂದರೆ ಸಾಕು. ಇದನ್ನು ಇಷ್ಟು ವರ್ಷದಲ್ಲಿ ನಿಮ್ಮವರು ಯಾರೂ ಕೇಳಿರಲಿಲ್ಲ ಎಂದೂ ಸೇರಿಸಿದರು. ನಾನು ಹದಿನಾಲ್ಕು ವರ್ಷ ಆ ಬಾಗಿಲಿಗೆ ಬಟ್ಟೆ ಇಳಿಸಿದವನು, ನೆಲ ನೋಡಿಕೊಂಡು ನಿಂತೆ.

ಅಲ್ಲೇ ನಿಂತಲ್ಲೇ ಅತ್ತಿಗೆ ಹೇಳಿದರು. ಹಸಿರು ಬಟ್ಟೆಯನ್ನು ಮೊದಲು ತೊಳೆದು ಹನ್ನೊಂದೂವರೆಗೇ ತಂದುಕೊಡುತ್ತೇವೆ. ಮಧ್ಯಾಹ್ನಕ್ಕೆ ಬೇಕಾದಷ್ಟು ಹಾಸಿಗೆ ಬಟ್ಟೆ ಎರಡರ ಒಳಗೆ. ಉಳಿದದ್ದು ಸಂಜೆ ಕೊಳೆ ಬಟ್ಟೆ ಎತ್ತಿಕೊಂಡು ಹೋಗಲು ಬರುವಾಗ. ಒಂದು ತಿಂಗಳು ನೋಡಿ. ಸಿಸ್ಟರ್ ಅದನ್ನು ಹಾಳೆಯ ಹಿಂಭಾಗದಲ್ಲಿ ಬರೆದುಕೊಂಡರು. ಎರಡು ದಿನಕ್ಕೆ ಉತ್ತರ ಬಂತು. ಒಂದು ತಿಂಗಳು ಕೊಟ್ಟಿದ್ದೇವೆ, ಅದರಲ್ಲಿ ಒಂದೇ ಒಂದು ಸಲ ತಡವಾದರೂ ಮುಗಿಯಿತು. ಸಣ್ಣ ಯಜಮಾನಿ ಅತ್ತಿಗೆಯ ಕಡೆ ನೋಡಿ, ನಿಮ್ಮ ಗಡುವೂ ಅದೇ ಎಂದರು.

ಆ ತಿಂಗಳು ಅತ್ತಿಗೆ ಮಾಡಿದ ಕೆಲಸ ನೋಡಿದವರಿಗೆ ಕೆಲಸವೆಂದೇ ಅನ್ನಿಸುತ್ತಿರಲಿಲ್ಲ. ಹಬೆ ಇಳಿದರೆ ಕೇಳಲು ಬರಬೇಡ, ನೀನೇ ಮೆಕ್ಯಾನಿಕ್‌ಗೆ ಫೋನು ಮಾಡು ಎಂದು ಬಕೆಟ್ಟಿಗೆ ಹೇಳಿದರು. ಅವನು ಎರಡು ದಿನ ಅದನ್ನು ನಂಬಲೇ ಇಲ್ಲ, ಏನೋ ಪರೀಕ್ಷೆ ಇರಬೇಕು ಎಂದು ನನ್ನ ಹತ್ತಿರ ಪಿಸುಗುಟ್ಟಿದ. ಕಟ್ಟು ಕಟ್ಟುವ ಹೆಂಗಸಿಗೆ, ನೀವು ಎಣಿಸಿದ್ದೇ ಕೊನೆಯ ಎಣಿಕೆ ಎಂದರು. ಸಿಸ್ಟರ್‌ನ ಫೋನ್ ನಂಬರನ್ನೂ ಅವರಿಗೇ ಕೊಟ್ಟರು. ಡೈರಿಯ ಚೌಕಗಳಲ್ಲಿ ಹನ್ನೊಂದರಿಂದ ಒಂದೂವರೆಯವರೆಗೆ ಉದ್ದಕ್ಕೆ ಒಂದೇ ಮಾತು ಬರೆದುಕೊಂಡರು, ಹಾಲಿಗೆ ಹೋಗಬಾರದು ಎಂದು. ಆ ಹೊತ್ತಿನಲ್ಲಿ ಮೆಷಿನ್ನುಗಳ ದುರಸ್ತಿಯ ಪಟ್ಟಿ, ಇನ್ನೊಂದು ಆಸ್ಪತ್ರೆಗೆ ಪತ್ರ, ಯಾರಿಗೆ ಯಾವ ಕೆಲಸ ಕಲಿಸಬೇಕೆಂಬ ಯೋಚನೆ.

ಆಕೆಗೆ ಅದು ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಗಾಜಿನ ಆಚೆ ಬಟ್ಟೆ ಸೊಟ್ಟ ಹೋಗುವುದು ಕಾಣುತ್ತಿತ್ತು, ಆಕೆ ಮೇಜಿನ ಅಂಚನ್ನು ಹಿಡಿದು ಕೂತಿರುತ್ತಿದ್ದರು. ಒಂದು ದಿನ ನಾನು ಚೀಟಿಗೆ ಸಹಿ ಹಾಕಿಸಲು ಹೋದರೆ ಮೇಜಿನ ಮೇಲಿದ್ದ ಟಿಶ್ಯೂ ಪೇಪರುಗಳೆಲ್ಲ ಸಣ್ಣ ಸಣ್ಣ ಮಡಿಕೆಗಳಾಗಿ ಸಾಲಾಗಿ ಕೂತಿದ್ದವು. ನಾನು ನಗಲಿಲ್ಲ, ಅಷ್ಟು ಬುದ್ಧಿ ನನಗೂ ಇದೆ. ಮನೆಯಲ್ಲಿ ಮಾತ್ರ ಆಕೆ ಹಗುರವಾಗತೊಡಗಿದರು. ಸಂಜೆ ಆರಕ್ಕೆ ಮಗಳ ಜೊತೆ ಕೂತು ಕೆಲಸದ ಪತ್ರಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು ಕಲಿತರು. ಅಣ್ಣನ ಪೇಪರು ಎರಡು ದಿನ ಬಿಚ್ಚಿದ ಹಾಗೇ ಸಿಕ್ಕಿತು. ಅವನು ಗಾಬರಿಯಾಗಿ, ಹುಷಾರಾಗಿದ್ದೀಯಾ ಎಂದು ಕೇಳಿದ.

ತಿಂಗಳ ಕೊನೆಯ ದಿನ ಆಡಳಿತಾಧಿಕಾರಿ ಮಧ್ಯಾಹ್ನ ಒಂದು ಗಂಟೆಗೆ ಸಭೆ ಕರೆದರು. ಅತ್ತಿಗೆ, ಸಣ್ಣ ಯಜಮಾನಿ ಇಬ್ಬರೂ ಆಸ್ಪತ್ರೆಯಲ್ಲಿ ಇರಬೇಕು. ಎರಡು ಗಂಟೆಯ ವ್ಯಾನು ಬಂದ ಹೊತ್ತು ನೋಡಿಯೇ ನಿರ್ಧಾರ. ಹಸಿರು ಬಟ್ಟೆ ಹೊತ್ತ ಮೊದಲ ಗಾಡಿಯಲ್ಲೇ ಅತ್ತಿಗೆ ನನ್ನ ಜೊತೆ ಬಂದು ಅಲ್ಲೇ ಉಳಿದರು.

ನಾನು ವಾಪಸ್ಸು ಬಂದಾಗ ಹಾಲಿನಲ್ಲಿ ರೋಲರು ನಿಂತಿತ್ತು. ಬೆಲ್ಟು ಹರಿದಿತ್ತು. ಹಾಳಾದ ಬೆಲ್ಟಿಗೆ ಹರಿಯಲು ಬೇರೆ ದಿನವೇ ಸಿಗಲಿಲ್ಲವೇ ಎಂದು ಬಾಯಿಗೆ ಬಂದಂತೆ ಬೈದೆ. ಕೇಳುವವರು ಯಾರೂ ಇರಲಿಲ್ಲ, ಎಲ್ಲರೂ ಕೆಲಸದಲ್ಲಿದ್ದರು. ಬಕೆಟ್ಟು ಆಗಲೇ ಮೆಕ್ಯಾನಿಕ್‌ನನ್ನು ಕರೆಸಿ ಅವನ ಪಕ್ಕದಲ್ಲಿ ಟಾರ್ಚು ಹಿಡಿದು ಮಲಗಿದ್ದ. ಕಟ್ಟು ಕಟ್ಟುವ ಹೆಂಗಸು ಹೊರಗೆ ಬಂದು, ಪೆಟ್ಟಿಗೆಯಿಂದ ಫೋನು ತೆಗೆದು, ಸಿಸ್ಟರ್‌ಗೆ ಮಾತಾಡಿ, ಈಗ ಕಡ್ಡಾಯವಾಗಿ ಎಷ್ಟು ಬೇಕು ಎಂದು ಕೇಳಿಕೊಂಡಿದ್ದರು. ಎಪ್ಪತ್ತು ಹಾಸಿಗೆ ಬಟ್ಟೆ. ಹದಿನೈದು ವರ್ಷದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ರೋಲರಿನವಳು ಮೂಲೆಯಲ್ಲಿದ್ದ ಹಳೆಯ ಕೈ ಇಸ್ತ್ರಿಗಳನ್ನೆಲ್ಲ ಎಳೆದು ತಂದು, ಎಂಟು ಮೇಜು ಜೋಡಿಸಿ, ಅಂಗಿ ಮಡಿಚುವವರನ್ನೂ ಕರೆದು ನಿಲ್ಲಿಸಿಕೊಂಡಿದ್ದಳು. ನಾನು ಅಂಗಿ ತೋಳು ಮಡಿಚಿ ಗಂಟು ಹೊತ್ತೆ. ಒಂದು ಗಂಟೆ ಇಪ್ಪತ್ತಮೂರಕ್ಕೆ ಬಾಗಿಲು ಹಾಕಿ ಹೊರಟೆ.

ಗೇಟಿನ ಕಂಪ್ಯೂಟರಿನಲ್ಲಿ ಒಂದು ನಲವತ್ತೆಂಟು ಎಂದು ಬಿತ್ತು. ನಾನು ಎರಡು ಸಲ ಓದಿದೆ. ಬಟ್ಟೆ ಇಳಿಸಿ ಹಿಂದಿನ ಮೆಟ್ಟಿಲ ಹತ್ತಿರ ಕಾದು ಕೂತೆ.

ಎರಡೂವರೆಗೆ ಅತ್ತಿಗೆ ಹೊರಗೆ ಬಂದರು. ಒಂದು ವರ್ಷಕ್ಕೆ ಬಟ್ಟೆ ನಮ್ಮಲ್ಲೇ ಉಳಿಯಿತು. ಸಣ್ಣ ಯಜಮಾನಿ ಮೊಗಸಾಲೆಯಲ್ಲೇ ಆಕೆಯ ಕೈಗೆ ಕಾಯಂ ಪತ್ರ ಕೊಟ್ಟಿದ್ದರು. ಅದನ್ನು ನನಗೆ ತೋರಿಸಿ ಚೀಲಕ್ಕೆ ಹಾಕಿಕೊಂಡರು, ಅಂಗಡಿಯ ರಸೀದಿ ಇಟ್ಟುಕೊಳ್ಳುವ ಹಾಗೆ. ಆಗ ನಾನು ಬೆಲ್ಟು ಹರಿದ ಸಂಗತಿ ಹೇಳಿದೆ.

"ಬೆಲ್ಟ್ ಹರೀತಾ? ಮತ್ತೆ ಯಾರೂ ನಂಗೆ ಫೋನ್ ಮಾಡ್ಲಿಲ್ವಲ್ಲ?"

ನಾನು ಯೋಚಿಸಿದೆ. ಹಾಲಿನಲ್ಲಿ ನಡೆದದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಸುಳ್ಳು ಹೇಳಿ ಆಕೆಯನ್ನು ಸಮಾಧಾನ ಮಾಡಬಹುದಿತ್ತು, ಆದರೆ ಆ ಚಾಳಿ ನನಗೆ ಮೊದಲಿನಿಂದಲೂ ಇಲ್ಲ.

"ಮಾಡ್ಬೇಕು ಅಂತ ಯಾರಿಗೂ ಹೊಳೀಲೇ ಇಲ್ಲ ಅತ್ತಿಗೆ. ನಿಮ್ಮನ್ನ ಒಬ್ಬರೂ ನೆನೆಸ್ಕೊಳ್ಲಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇಪ್ಪತ್ತೆರಡು ವರ್ಷ ಆ ಹಾಲಿನಲ್ಲಿ ನಿಂತು ಕಾಲು ಸವೆಸಿದವರಿಗೆ ಹೇಳುವ ಮಾತೇ ಅದು? ಅತ್ತಿಗೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಣ್ಣಿನಿಂದ ನೀರು ಸುರಿಯಿತು, ಒರೆಸಿಕೊಳ್ಳಲೂ ಇಲ್ಲ. ತಳ್ಳುಗಾಡಿ ತರುತ್ತಿದ್ದ ಆಸ್ಪತ್ರೆಯ ಕೆಲಸದವರು ನಿಂತು ನೋಡಿದರು. ನನಗೆ ಏನು ಮಾಡಬೇಕೆಂದು ತೋಚದೆ, ತಪ್ಪಾಯಿತು, ಹಾಗೆ ಹೇಳಬಾರದಿತ್ತು ಎಂದು ಗೊಣಗಿದೆ. ಆಕೆ ತಲೆ ಎತ್ತಿದಾಗ ನೋಡಿದರೆ ಮುಖ ತುಂಬ ನಗು.

"ಸುಮ್ನಿರೋ. ಆ ಕಾಗ್ದ ಕೈಗೆ ಬಂದಾಗ ಏನೂ ಅನ್ನಿಸ್ಲಿಲ್ಲ ನಂಗೆ. ಈಗ ಅನ್ನಿಸ್ತು ನೋಡು, ನಾನು ಮ್ಯಾನೇಜರ್ ಆದೆ ಅಂತ."